ಚೆಲ್ಲಬಾರದ ಹೆಂಡ

ನಮ್ಮೂರಿನ ಗಂಡಸರ ನಾಲಿಗೆ ಬಹಳ ಸೂಕ್ಷ್ಮವಾದದ್ದು. ಹೆಂಡತಿ ಸಾರಿಗೆ ಹುಳಿ ಹಿಂಡಿದ್ದಾಳೋ ಮರೆತಿದ್ದಾಳೋ ಎಂಬುದು ಎರಡು ಮುದ್ದೆ ನುಂಗಿದ ಮೇಲೂ ಗೊತ್ತಾಗದ ಆ ನಾಲಿಗೆಗೆ, ಅರಳಿಕಟ್ಟೆ ಎದುರಿನ ಅಂಗಡಿಯ ಹೆಂಡಕ್ಕೂ ಕೆರೆ ಏರಿಯ ಕೆಳಗಿನ ಅಂಗಡಿಯ ಹೆಂಡಕ್ಕೂ ಇರುವ ವ್ಯತ್ಯಾಸ ಒಂದೇ ಗುಟುಕಿಗೆ ತಿಳಿಯುತ್ತಿತ್ತು. ಒಂದು ಅಂಗಡಿಯದು ಎಳನೀರಿನ ಹಾಗೆ, ಇನ್ನೊಂದರದು ಕೊಂಚ ಒಗರು, ಮತ್ತೊಂದರದು ಕುಡಿದರೆ ಕೀಲುನೋವು ಹೋಗುತ್ತದೆ. ಈ ಪಾಂಡಿತ್ಯವನ್ನು ಅವರು ಕಟ್ಟೆಯ ಮೇಲೆ ಕೂತು ಗಂಟೆಗಟ್ಟಲೆ ಹಂಚಿಕೊಳ್ಳುತ್ತಿದ್ದರು. ಊರಲ್ಲಿದ್ದ ಐದೂ ಅಂಗಡಿಗಳಿಗೆ ಹೆಂಡ ಬರುತ್ತಿದ್ದದ್ದು ಒಂದೇ ಈಚಲ ವನದಿಂದ, ಒಂದೇ ಎತ್ತಿನ ಗಾಡಿಯಲ್ಲಿ. ಆ ಗಾಡಿ ಹಾಡಹಗಲೇ ಊರ ನಡುವೆ ಹಾದು, ಒಂದೊಂದು ಅಂಗಡಿಯ ಮುಂದೆ ನಿಂತು, ಒಂದೊಂದು ಮಡಕೆ ಇಳಿಸಿ ಹೋಗುತ್ತಿತ್ತು. ಅದನ್ನು ನೋಡುತ್ತಾ ನಿಂತವರೇ ಸಂಜೆ ರುಚಿಯ ಬಗ್ಗೆ ಜಗಳವಾಡುತ್ತಿದ್ದರು.

ಇದು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯ ಒಂದು ಊರು. ನಾನು ಅಲ್ಲಿಗೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದ ನಡುವಿನಲ್ಲಿ. ನನ್ನ ತವರು ಪಾಂಡವಪುರದ ಹತ್ತಿರ, ನಾಲೆಯ ಪಕ್ಕ. ಹುಟ್ಟಿದಾಗಿನಿಂದ ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ಬಿಸಿ ಬೆಲ್ಲ ನೋಡಿಕೊಂಡು ಬೆಳೆದವಳು. ಬರೀ ರಾಗಿ, ಹುರುಳಿ, ತೆಂಗು ಎಂದು ಆಕಾಶ ನೋಡುವ ಊರಿಗೆ ಬಂದು ಬಿದ್ದೆನಲ್ಲಾ ಎಂದು ಮೊದಲ ವರ್ಷವೆಲ್ಲ ಮೂಗು ಮುರಿದೆ. ನನ್ನ ಅತ್ತೆ ಅದನ್ನು ಗಮನಿಸಿದ್ದರು. ಒಂದು ದಿನ ಬಾವಿಯ ಹತ್ತಿರ, “ನಿಮ್ಮೂರ್ನಾಗೆ ನೀರದೆ, ಸರಿ. ಅಲ್ಲಿ ಗಂಡಸ್ರು ಕುಡ್ಯದು ನೀರ್ನೇಯಾ?” ಅಂದರು. ನಮ್ಮಪ್ಪನೂ ಆಲೆಮನೆಯ ಹಿಂದೆ ಕದ್ದು ಕುಡಿಯುತ್ತಿದ್ದದ್ದು ನನಗೆ ಗೊತ್ತಿತ್ತು. ಅವತ್ತಿನಿಂದ ನಮ್ಮಿಬ್ಬರಿಗೂ ಸರಿಹೋಯಿತು.

ಅತ್ತೆ ವಿಧವೆ. ಮಾವ ತೀರಿಹೋದದ್ದು ಪಾನನಿಷೇಧ ಇದ್ದ ಕಾಲದಲ್ಲಿ. ಕುಡಿಯಬಾರದು ಎಂದು ಕಾನೂನು ಬಂದೊಡನೆ ನಮ್ಮ ಕಡೆಯ ಗಂಡಸರಿಗೆ ಎಲ್ಲಿಲ್ಲದ ಉದ್ಯೋಗಶೀಲತೆ ಬಂದುಬಿಟ್ಟಿತ್ತಂತೆ. ಉಳುಮೆಗೆ ಏಳದವರು ಕೋಳಿ ಕೂಗುವ ಮುಂಚೆ ಎದ್ದು ಕತ್ತಾಳೆ ಮೆಳೆಯೊಳಗೆ ಬಟ್ಟಿ ಕಾಯಿಸುತ್ತಿದ್ದರು. ಊರಿಗೊಂದು ಬಟ್ಟಿ, ಬಟ್ಟಿಗೊಂದು ಹೆಸರು. ಕೆ.ಆರ್. ಪೇಟೆ ಕಡೆಯ ಒಂದು ಮದುವೆಗೆ ಹೋದ ಮಾವ ಅಲ್ಲಿನ ಬಟ್ಟಿಯ ಖ್ಯಾತಿ ಕೇಳಿ, ಪರೀಕ್ಷಿಸಿ, ಎರಡು ದಿನ ಹೊಟ್ಟೆ ಹಿಡಿದುಕೊಂಡು ಹೊರಳಾಡಿ ಸತ್ತರು. ಅವರ ಬೂದಿಯನ್ನು ಶ್ರೀರಂಗಪಟ್ಟಣದ ಹೊಳೆಯಲ್ಲಿ ಬಿಟ್ಟು ಬಂದ ನೆಂಟರು, ದಾರಿಯಲ್ಲಿ ದಣಿವಾಯಿತೆಂದು, ಇನ್ನೊಂದು ಬಟ್ಟಿಯ ಹತ್ತಿರ ಇಳಿದರಂತೆ. ಇದನ್ನು ಹೇಳುವಾಗ ಅತ್ತೆ ಅಳುತ್ತಿರಲಿಲ್ಲ. ಎಲೆಅಡಿಕೆ ಉಗಿದು ಮುಂದಿನ ಕೆಲಸ ನೋಡುತ್ತಿದ್ದರು.

ಮುಂದೆ ಪಾನನಿಷೇಧ ತೆಗೆದರು. ನಮ್ಮೂರಿಗೆ ಮೊದಲ ಹೆಂಡದ ಅಂಗಡಿ ಬಂತು. ನಾಗಮಂಗಲದ ಒಬ್ಬ ಕಂಟ್ರಾಕ್ಟುದಾರ ಈಚಲ ವನವನ್ನು ಹರಾಜಿನಲ್ಲಿ ಹಿಡಿದಿದ್ದ. ಊರೂರಲ್ಲಿ ಯಾರು ಕೇಳಿದರೆ ಅವರಿಗೆ ಮಡಕೆ ಹೆಂಡ ಕಳಿಸಿ ಅಂಗಡಿ ಇಡಿಸುತ್ತಿದ್ದ. ಆ ಮೊದಲ ಅಂಗಡಿಯ ಮುಂದೆ ಅತ್ತೆ ಒಲೆ ಹೂಡಿ ಚಾಕಣ ಮಾರಲು ಶುರುಮಾಡಿದರು. ಹೆಂಡದ ಜೊತೆ ನಂಜಿಕೊಳ್ಳಲು ಕುರಿ ಕರುಳಿನ ಬೋಟಿ ಗೊಜ್ಜು, ಸುಟ್ಟ ಒಣಮೀನು, ಹುರುಳಿಕಾಳಿನ ಉಸಲಿ, ಎಲ್ಲ ಮುತ್ತುಗದ ಎಲೆಯಲ್ಲಿ. ಗಂಡ ಕುಡಿದು ಸತ್ತ ಮೇಲೆ ಕುಡುಕರಿಗೇ ಬಡಿಸುತ್ತೀರಲ್ಲ ಅತ್ತೆಮ್ಮ, ಎಂದು ನಾನು ಒಂದು ಸಲ ಕೇಳಿಯೇಬಿಟ್ಟೆ. ಅವರು ಬಾಣಲೆಯಿಂದ ಕಣ್ಣೆತ್ತಲಿಲ್ಲ.

“ನಾನು ತಿನ್ನಾಕ್ ಕೊಡ್ತೀನಿ ಕಣವ್ವ, ಕುಡ್ಯಾಕಲ್ಲ. ಬರೀ ಹೊಟ್ಟೇಲಿ ಕುಡ್ದು ಸಾಯೋ ಮುಂಡೇವು ಒಸಿ ತಿಂದ್ಕಂಡಾದ್ರೂ ಸಾಯ್ಲಿ.”

ಅವರಿಗೆ ಕುಡುಕರ ಮೇಲೆ ಇದ್ದ ತಾತ್ಸಾರ ಅಷ್ಟಿಷ್ಟಲ್ಲ. ಯಾರಾದರೂ ಹಲ್ಲು ಗಿಂಜುತ್ತಾ ಅವ್ವ, ತಾಯಿ, ಎಂದು ಇನ್ನೊಂದು ತುಂಡು ಕೇಳಿದರೆ ಸೌಟಿನ ಹಿಡಿಯಿಂದ ಕೈಗೆ ತಟ್ಟುತ್ತಿದ್ದರು. ಅದೇ ತಾತ್ಸಾರವನ್ನು ನಾನು ಕಲಿತೆ. ಅತ್ತೆಯಿಂದ ನನಗೆ ಬಂದ ಒಡವೆ ಎಂದರೆ ಅದೊಂದೇ.

ಈಗ ನಮ್ಮ ಯಜಮಾನರ ವಿಷಯ. ಅವರು ಆ ತನಕ ಹೆಂಡವನ್ನು ಮೂಸಿಯೂ ನೋಡಿದವರಲ್ಲ. ಅಪ್ಪನ ಸಾವನ್ನು ಹುಡುಗನಾಗಿ ಕಣ್ಣಾರೆ ಕಂಡಿದ್ದರು. ಮೆತ್ತಗಿನ ಮನುಷ್ಯ, ಎತ್ತುಗಳನ್ನೂ ಹೊಡೆಯುತ್ತಿರಲಿಲ್ಲ. ಅವರಲ್ಲಿ ಇದ್ದ ದೋಷ ನಮ್ಮ ಸೀಮೆಯ ಎಲ್ಲ ಗಂಡಸರಲ್ಲಿಯೂ ಇರುವಂಥದು. ಯಾರೋ ಒಬ್ಬ ಏನೋ ಒಂದು ಅಂಗಡಿ ಇಟ್ಟು, ಹೊಸ ಪಂಚೆ ಉಟ್ಟದ್ದು ಕಂಡರೆ ಸಾಕು, ಪಕ್ಕದಲ್ಲೇ ಅದೇ ಅಂಗಡಿಯನ್ನು ಇಡಬೇಕು. ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ನಿಲ್ಲುವ ಕಡೆ ಒಬ್ಬ ಟೀ ಅಂಗಡಿ ಇಟ್ಟ. ಮುಂದಿನ ಸುಗ್ಗಿಯ ಹೊತ್ತಿಗೆ ಅಲ್ಲಿ ಸಾಲಾಗಿ ಟೀ ಅಂಗಡಿಗಳು, ಅದೇ ಬೆಂಚು, ಅದೇ ಗಾಜಿನ ಡಬ್ಬಿ, ಅದೇ ಗಟ್ಟಿ ಬನ್ನು. ಒಬ್ಬ ಹೊಲಿಗೆ ಯಂತ್ರ ತಂದರೆ ಮೂವರು ತಂದರು; ಊರಲ್ಲಿ ಅಂಗಿ ಹೊಲಿಸುವವರು ವರ್ಷಕ್ಕೊಮ್ಮೆ ಹೊಲಿಸುವವರು. ಬೇರೆ ಏನನ್ನಾದರೂ ಮಾಡೋಣ ಎಂಬ ಯೋಚನೆ ಯಾರ ತಲೆಗೂ ಬರುತ್ತಿರಲಿಲ್ಲ. ಬಂದರೂ ಅದನ್ನು ಹುಚ್ಚು ಎನ್ನುತ್ತಿದ್ದರು.

ಹೆಂಡಕ್ಕೂ ಹಾಗೆಯೇ ಆಯಿತು. ಅರಳಿಕಟ್ಟೆಯ ಎದುರಿನ ಅಂಗಡಿಯವನು ಮನೆಗೆ ಮಂಗಳೂರು ಹೆಂಚು ಹೊದಿಸಿದ. ಅದನ್ನು ನೋಡಿ ಅವನ ದಾಯಾದಿ ಕೆರೆ ಏರಿಯ ಕೆಳಗೆ ಎರಡನೆಯದನ್ನು ಇಟ್ಟ. ಪಂಚಾಯಿತಿ ಮೆಂಬರು ಒಬ್ಬರು, ಊರಿಗೆ ಸೇವೆ ಮಾಡುವ ಉದ್ದೇಶದಿಂದ, ಮೂರನೆಯದನ್ನು ಇಟ್ಟರು. ನಾಲ್ಕನೆಯವನು ಮಿಲಿಟರಿಯಿಂದ ಬಂದವನು. ಅವನ ಅಂಗಡಿಯಲ್ಲಿ ರೇಡಿಯೋ ಇತ್ತು. ಐದನೆಯದು ನಮ್ಮ ಮನೆಯ ಜಗಲಿ.

ಯಜಮಾನರು ಈ ಪ್ರಸ್ತಾಪ ತೆಗೆದದ್ದು ಊಟದ ಹೊತ್ತಿನಲ್ಲಿ. ಅತ್ತೆ ಬಡಿಸುತ್ತಿದ್ದರು.

“ಅವ್ವ, ಜನ ಬರದು ನಿನ್ ಕೈ ಬೋಟಿಗೊಜ್ಜುಗೆ. ಹೆಂಡ ಎಲ್ಲಾದ್ರೂ ಸಿಕ್ತದೆ. ನೀನು ಯಾವನ್ದೋ ಅಂಗ್ಡಿ ಮುಂದೆ ಯಾಕೆ ಕೂರ್ಬೇಕು? ನಮ್ ಜಗ್ಲಿ ಮುಂದೇನೆ ಕೂತ್ಕೊ. ನಾನೂ ಒಂದು ಅಂಗ್ಡಿ ಇಡ್ತೀನಿ.”

“ಊರಲ್ಲಿ ನಾಕವೆ.”

“ಅವ್ರೆಲ್ಲ ಇಟ್ಟವ್ರೆ. ನಾನು ಮಾತ್ರ ಯಾಕ್ ಇಡ್ಬಾರ್ದು?”

ನಾಗಮಂಗಲ ತಾಲ್ಲೂಕಿನ ವ್ಯಾಪಾರ ಶಾಸ್ತ್ರ ಪೂರ್ತಿ ಆ ಒಂದು ಮಾತಿನಲ್ಲಿದೆ. ಅತ್ತೆ ಸೌಟು ಕೆಳಗಿಟ್ಟರು. ಮಗ ಅಂಗಡಿ ಇಡುವುದು ಅವರಿಗೆ ಅವಮಾನವಲ್ಲ. ಆದರೆ ಇರುವ ಒಬ್ಬ ಮಗ ದಿನವಿಡೀ ಹೆಂಡದ ಮಡಕೆಯ ಪಕ್ಕ ಕೂರುವುದು ಅವರಿಗೆ ಹೆದರಿಕೆ. ಆ ಹೆದರಿಕೆ ನನಗೂ ಇತ್ತು. ನನಗೆ ಆಗ ಕಂಕುಳಲ್ಲಿ ಒಂದು ಮಗು. ಕೊನೆಗೆ ಅತ್ತೆ ಮಗನ ಕೈಯನ್ನು ತಮ್ಮ ನೆತ್ತಿಯ ಮೇಲೆ ಇರಿಸಿಕೊಂಡು ಆಣೆ ಮಾಡಿಸಿದರು. “ತೊಟ್ಟು ಮುಟ್ಟಲ್ಲ ಅನ್ನು.” ಯಜಮಾನರು, “ತೊಟ್ಟು ಮುಟ್ಟಲ್ಲ ಕಣವ್ವ,” ಅಂದರು. ಅಂದಾಗ ಅದು ಸುಳ್ಳಾಗಿರಲಿಲ್ಲ. ಅವರ ಮುಖ ನನಗೆ ಚೆನ್ನಾಗಿ ನೆನಪಿದೆ.

ಮೊದಲ ಕೆಲವು ತಿಂಗಳು ನಮ್ಮ ಜಗಲಿ ತುಂಬಿ ತುಳುಕುತ್ತಿತ್ತು. ಗಂಡಸರು ಬೋಟಿ ಗೊಜ್ಜು ತಿಂದು ಕೈ ನೆಕ್ಕುತ್ತಾ, “ಏನ್ ಹೆಂಡ ಕಣ್ಲಾ, ಜೇನು!” ಎನ್ನುತ್ತಿದ್ದರು. ಅತ್ತೆ ನನ್ನ ಕಡೆ ನೋಡುತ್ತಿದ್ದರು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದೆ.

ಅದನ್ನು ಕಂಡು ಉಳಿದ ನಾಲ್ವರೂ ಅಂಗಡಿ ಮುಂದೆ ಒಲೆ ಹೂಡಿಸಿದರು. ಮೆಂಬರು ತಮ್ಮ ತಂಗಿಯನ್ನು ಕೂರಿಸಿದರು, ದಾಯಾದಿ ತನ್ನ ಅತ್ತಿಗೆಯನ್ನು. ಊರ ತುಂಬ ಬೋಟಿಯ ವಾಸನೆ. ಸುತ್ತಲಿನ ಊರುಗಳ ಕುರಿಗಳಿಗೆ ಅಷ್ಟು ಕರುಳೇ ಇರಲಿಲ್ಲ. ಮೆಂಬರು ಅಂಗಡಿಗೆ ಸುಣ್ಣ ಬಳಿಸಿ ನೀಲಿ ಪಟ್ಟೆ ಹೊಡೆಸಿದರು. ವಾರದೊಳಗೆ ಐದಕ್ಕೂ ನೀಲಿ ಪಟ್ಟೆ. ಮಿಲಿಟರಿಯವನು ತನ್ನ ಹೆಂಡ ಪೌಷ್ಟಿಕ ಎಂದ. ಮಾರನೆಯ ದಿನ ಐದೂ ಪೌಷ್ಟಿಕವಾದವು. ಹೊಸದಾಗಿ ಕುಡಿಯುವವರು ಮಾತ್ರ ಎಲ್ಲಿಂದಲೂ ಹುಟ್ಟಿ ಬರಲಿಲ್ಲ. ಊರಲ್ಲಿದ್ದದ್ದು ಅವೇ ಬಾಯಿಗಳು. ಅವು ಮುಂಚೆ ಒಂದು ಕಡೆ ಕುಡಿಯುತ್ತಿದ್ದವು, ಈಗ ಐದು ಕಡೆ ಹಂಚಿಹೋದವು. ಪ್ರತಿ ಅಂಗಡಿಯಲ್ಲೂ ಸಂಜೆಗೆ ಅರ್ಧ ಮಡಕೆ ಉಳಿಯತೊಡಗಿತು.

ಹೆಂಡ ಉಳಿದರೆ ಏನಾಗುತ್ತದೆ ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಬೆಳಗ್ಗೆ ಸಿಹಿಯಾಗಿರುವುದು ಸಂಜೆಗೆ ಹುಳಿ, ಮಾರನೆಯ ದಿನಕ್ಕೆ ಮೂಗು ಸುಡುವ ಘಾಟು. ಚೆಲ್ಲಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ನನ್ನನ್ನು ಎಲ್ಲರೂ ಯಾವುದೋ ಗುಡಿಯ ಗಂಟೆ ಕದ್ದವಳ ಹಾಗೆ ನೋಡಿದರು. ನಮ್ಮ ಕಡೆ ಹೆಂಡವನ್ನು ನೆಲಕ್ಕೆ ಚೆಲ್ಲಬಾರದು. ಅದು ಈಚಲಮ್ಮನ ಎದೆಹಾಲು. ಚೆಲ್ಲಿದರೆ ಮರ ಮುನಿಸಿಕೊಳ್ಳುತ್ತದೆ, ಹೆಂಡ ಬತ್ತಿಹೋಗುತ್ತದೆ, ಚೆಲ್ಲಿದ ಮನೆಗೆ ಏಳಿಗೆಯಿಲ್ಲ. ಕುಡಿಯುವ ಮುಂಚೆ ಬೆರಳಿನಿಂದ ಮೂರು ಹನಿ ನೆಲಕ್ಕೆ ಚಿಮುಕಿಸುತ್ತಾರೆ, ಅಷ್ಟೇ. ಅದು ಆಯಮ್ಮನ ಪಾಲು. ಮಿಕ್ಕದ್ದು ಮನುಷ್ಯರ ಹೊಟ್ಟೆಗೇ ಹೋಗಬೇಕು. ಅನ್ನ ಚೆಲ್ಲುವ, ಹೆಂಡತಿಯ ಮೇಲೆ ಬಿಸಿ ಸಾರು ಎರಚುವ, ಹಬ್ಬದ ದಿನ ಸ್ನಾನ ಮಾಡದ ಗಂಡಸರೆಲ್ಲ ಈ ಒಂದು ನೇಮವನ್ನು ಮಾತ್ರ ಅಪ್ಪಟ ನಿಷ್ಠೆಯಿಂದ ಪಾಲಿಸುತ್ತಿದ್ದರು.

ಉಳಿದದ್ದನ್ನು ಯಾರು ಕುಡಿಯಬೇಕು? ಗಿರಾಕಿ ಎದ್ದು ಹೋದ ಮೇಲೆ ಅಂಗಡಿಯಲ್ಲಿ ಉಳಿಯುವವನು ಅಂಗಡಿಯವನೇ.

ಮೊದಲ ಸಲ ಯಜಮಾನರ ಬಾಯಿಂದ ವಾಸನೆ ಬಂದಾಗ ನಾನು ಕೇಳಿದೆ. ಅವರು ಗೋಡೆಯ ಕಡೆ ತಿರುಗಿ, “ಕುಡೀಲಿಲ್ಲ ಕಣೆ. ಉಳ್ದಿತ್ತು, ಮುಗಿಸ್ದೆ ಅಷ್ಟೆ,” ಅಂದರು.

ಇದಕ್ಕಿಂತ ಹೇಡಿ ಮಾತನ್ನು ನಾನು ನನ್ನ ಆಯುಸ್ಸಿನಲ್ಲಿ ಕೇಳಿಲ್ಲ. ಅವತ್ತಿನಿಂದ ಅವರು ಕುಡಿಯಲೇ ಇಲ್ಲ, ದಿನವೂ ಮುಗಿಸಿದರು. ಮೊದಮೊದಲು ಒಂದು ಚೊಂಬು, ಆಮೇಲೆ ಮಡಕೆಯ ತಳ ಕಾಣುವ ತನಕ. ಅಮ್ಮನ ಎದುರಿಗೆ ಬರುವಾಗ ಏಲಕ್ಕಿ ಜಗಿಯುತ್ತಿದ್ದರು. ಅತ್ತೆಗೆ ಗೊತ್ತಿರಲಿಲ್ಲವೇ? ಕುಡಿದವರ ಕಾಲು ನೆಲಕ್ಕೆ ಹೇಗೆ ಬೀಳುತ್ತದೆ ಎಂದು ಇಡೀ ಊರಿನಲ್ಲಿ ಅವರಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಅವರು ಮಗನನ್ನು ಬಯ್ಯಲಿಲ್ಲ. ಚಾಕಣದಲ್ಲಿ ಒಂದು ಪಾಲನ್ನು ದಿನವೂ ಮಗನಿಗೆಂದು ಎತ್ತಿಡಲು ಶುರುಮಾಡಿದರು. ಬರೀ ಹೊಟ್ಟೆಯಲ್ಲಿ ಕುಡಿಯದಿರಲಿ ಎಂದು. ಅದನ್ನು ಕಂಡಾಗ ನನಗೆ ಸಿಟ್ಟು ಬಂತು, ಅವರ ಮೇಲೂ.

ಉಳಿದ ನಾಲ್ಕು ಅಂಗಡಿಯವರ ಗತಿಯೂ ಅದೇ. ಐದು ಅಂಗಡಿಗಳಿಗೂ ಅತಿ ನಂಬಿಕೆಯ ಗಿರಾಕಿ ಎಂದರೆ ಆಯಾ ಅಂಗಡಿಯ ಮಾಲೀಕನೇ ಆಗಿಬಿಟ್ಟ. ಕೊನೆಗೆ ಅವರೆಲ್ಲ ಒಂದು ಭಾನುವಾರ ನಮ್ಮ ಜಗಲಿಯಲ್ಲಿ ಸಭೆ ಸೇರಿದರು. ತಲೆ ಮೇಲೆ ಕೈ ಹೊತ್ತು ಕೂತಿದ್ದರು.

“ಅಂಗ್ಡಿ ಜಾಸ್ತಿ ಆಗೋದ್ವು ಕಣ್ರಪ್ಪ,” ಎಂದು ಮೆಂಬರು ದೊಡ್ಡ ಸಂಶೋಧನೆಯ ಹಾಗೆ ಹೇಳಿದರು. “ಇಂಗೇ ಆದ್ರೆ ಯಾರೂ ಉಳಿಯಲ್ಲ.”

“ಅಂಗಾರೆ ನೀವು ಮುಚ್ಬುಡಿ,” ಎಂದ ಮಿಲಿಟರಿಯವನು.

“ನಾನ್ಯಾಕ್ಲಾ ಮುಚ್ಲಿ? ಕಡೇಗೆ ಇಟ್ಟೋನು ಮುಚ್ಲಿ.”

ಎಲ್ಲರೂ ನಮ್ಮ ಯಜಮಾನರ ಕಡೆ ತಿರುಗಿದರು. ನಾನು ಬಾಗಿಲ ಹಿಂದೆ ನಿಂತು, ಹೂಂ ಅನ್ನಲಿ, ಹೂಂ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಎದೆ ಉಬ್ಬಿಸಿ, “ನಮ್ಮವ್ವ ಇರೋ ಗಂಟ ನನ್ ಅಂಗ್ಡಿ ಮುಚ್ಚಲ್ಲ,” ಅಂದರು. ಆ ಅವ್ವ ಅಷ್ಟು ದೂರದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದರು.

ಕೊನೆಗೆ ಬೇರೆ ಕಡೆ ಹೇಗೆ ನಡೆಸುತ್ತಾರೆ ಎಂದು ನೋಡಿಬರಲು ಐವರೂ ಹೊರಟರು. ಮೊದಲು ಕೆ.ಆರ್. ಪೇಟೆ ಸಂತೆ, ಅಲ್ಲಿಂದ ಪಾಂಡವಪುರ, ಆಮೇಲೆ ಶ್ರೀರಂಗಪಟ್ಟಣ. ಕಬ್ಬಿನ ಸೀಮೆಯಲ್ಲಿ ಕೂಲಿಯವರ ಕೈಯಲ್ಲಿ ಕಾಸು ಓಡಾಡುತ್ತದೆ, ಅಲ್ಲಿ ಅಂಗಡಿಗಳು ಹೇಗೆ ಏಳಿಗೆಯಾಗುತ್ತವೆ ಎಂದು ತಿಳಿಯುವ ಹಂಬಲ. ಪ್ರತಿ ಊರಿನಲ್ಲೂ ಕೂಲಂಕಷವಾಗಿ ಪರೀಕ್ಷೆ ಮಾಡಿದರು. ಪರೀಕ್ಷೆಯ ಭಾರಕ್ಕೆ ಮೂವರನ್ನು ಬಸ್ಸಿನಿಂದ ಎತ್ತಿ ಇಳಿಸಬೇಕಾಯಿತು. ಅವರು ಕಂಡುಕೊಂಡು ಬಂದ ಸತ್ಯ ಇಷ್ಟು: ಪಾಂಡವಪುರದ ಕಡೆ ಅಂಗಡಿ ಮುಂದೆ ಬಣ್ಣದ ಕಾಗದದ ತೋರಣ ಕಟ್ಟುತ್ತಾರೆ. ಮಾರನೆಯ ದಿನ ನಮ್ಮೂರಿನ ಐದೂ ಅಂಗಡಿಗಳಿಗೆ ಬಣ್ಣದ ಕಾಗದ ಬಂತು.

ಇನ್ನೊಂದು ಒಪ್ಪಂದವೂ ಆಯಿತು, ಸರದಿಯದು. ಒಂದು ದಿನಕ್ಕೆ ಒಂದೇ ಅಂಗಡಿ ತೆರೆಯಬೇಕು, ಉಳಿದವರು ಮುಚ್ಚಬೇಕು. ಗ್ರಾಮದೇವತೆಯ ಕುಂಕುಮ ಹಚ್ಚಿಕೊಂಡು ಮಾತು ಕೊಟ್ಟರು. ಮೊದಲನೆಯ ದಿನವೇ ನಾಲ್ವರೂ ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದರು. ಆ ನಾಲ್ವರಲ್ಲಿ ನಮ್ಮ ಯಜಮಾನರೂ ಒಬ್ಬರು. ನಮ್ಮ ಹಿತ್ತಿಲಲ್ಲಿ ನಾನು ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿದ್ದರೆ ಊರಿನ ಗಣ್ಯರೆಲ್ಲ ಬೇಲಿ ಹಾರಿಕೊಂಡು ಬರುತ್ತಿದ್ದರು.

ಅಷ್ಟು ಹೊತ್ತಿಗೆ ಯುಗಾದಿ ಬಂತು. ಯುಗಾದಿಯ ಮಾರನೆಯ ದಿನ ಹೊಸತೊಡಕು. ನಮ್ಮ ಸೀಮೆಯಲ್ಲಿ ಅವತ್ತು ಮಾಂಸ ಬೇಯದ ಮನೆಯಿಲ್ಲ, ಕುಡಿಯದ ಗಂಡಸು ಅಪರೂಪ. ವರ್ಷದ ನಷ್ಟವನ್ನು ಒಂದೇ ದಿನದಲ್ಲಿ ತುಂಬಿಕೊಳ್ಳುತ್ತೇವೆ ಎಂದು ಐವರೂ ಯಾರಿಗೂ ಹೇಳದೆ ಕಂಟ್ರಾಕ್ಟುದಾರನ ಹತ್ತಿರ ಓಡಿದರು. ಪ್ರತಿಯೊಬ್ಬನೂ ದಿನಕ್ಕೆ ಬರುವುದರ ನಾಲ್ಕರಷ್ಟು ಕೇಳಿಬಂದ. ಪ್ರತಿಯೊಬ್ಬನೂ ತಾನೊಬ್ಬನೇ ಜಾಣ ಎಂದು ತಿಳಿದಿದ್ದ. ಹೊಸತೊಡಕಿನ ಬೆಳಗ್ಗೆ ಗಾಡಿ ಒಂದಲ್ಲ, ಸಾಲಾಗಿ ಬಂದವು. ಒಂದೊಂದು ಅಂಗಡಿಯ ಮುಂದೆಯೂ ಮಡಕೆಗಳು ಇಳಿಯುತ್ತಲೇ ಇದ್ದವು. ಐವರೂ ತಮ್ಮ ತಮ್ಮ ಅಂಗಡಿ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಮ್ಮ ಜಗಲಿಯ ಮೇಲೆ ಇಳಿದ ಮಡಕೆಗಳನ್ನು ಕಂಡೆ, ನಗು ನಿಂತುಹೋಯಿತು.

ಅವತ್ತು ಊರು ಎಷ್ಟು ಕುಡಿಯಬಹುದೋ ಅಷ್ಟೂ ಕುಡಿಯಿತು. ಪಕ್ಕದ ಊರುಗಳವರೂ ಬಂದು ಕುಡಿದರು. ಸಂಜೆಗೆ ಬೀದಿಯಲ್ಲಿ ನಡೆಯಬೇಕಾದರೆ ಬಿದ್ದವರನ್ನು ದಾಟಿಕೊಂಡು ಹೋಗಬೇಕಾಗಿತ್ತು. ಆದರೂ ನಮ್ಮ ಜಗಲಿಯಲ್ಲಿ ಎರಡು ಮಡಕೆ ತುಂಬ ಹಾಗೆಯೇ ಉಳಿಯಿತು. ಮಾರನೆಯ ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಅದು ಬುಸುಗುಟ್ಟುತ್ತಿತ್ತು. ಗಂಡಸರು ತಲೆನೋವಿನ ತಲೆಗಳನ್ನು ಹಿಡಿದುಕೊಂಡು ಕಟ್ಟೆಯ ಮೇಲೆ, ಜಗಲಿಗಳ ಮೇಲೆ ಕೂತಿದ್ದರು. ನಮ್ಮ ಯಜಮಾನರು ಮಡಕೆಯ ಪಕ್ಕ ಕೂತು ಮುಗಿಸುವ ಕೆಲಸ ಆರಂಭಿಸಿದ್ದರು. ಕಣ್ಣು ಕೆಂಪು, ಗಲ್ಲದ ಮೇಲೆ ನೊರೆ. ಮೊದಲನೆಯ ಮಡಕೆಯಲ್ಲಿ ಅರ್ಧ ಇಳಿಸಿದ ಮೇಲೆ ಅವರಿಗೆ ಇದು ತನ್ನೊಬ್ಬನ ಕೈಯಲ್ಲಿ ಆಗುವುದಿಲ್ಲ ಎಂದು ಹೊಳೆಯಿತು.

ಚೊಂಬು ತುಂಬಿಕೊಂಡು ಅವರು ಒಲೆಯ ಹತ್ತಿರ ಬಂದರು. ಅತ್ತೆ ಬೂದಿ ಬಾಚುತ್ತಿದ್ದರು. ನಾನು ಪಕ್ಕದಲ್ಲಿದ್ದೆ.

“ಅವ್ವ, ನೀನೂ ಒಸಿ ಕುಡಿ. ಚೆಲ್ಬಾರ್ದು ಕಣವ್ವ. ಎಲ್ರೂ ಸೇರಿ ಮುಗಿಸ್ಬುಡವ.”

ಅತ್ತೆ ಚೊಂಬನ್ನು ನೋಡಿದರು. ಚೊಂಬು ಹಿಡಿದ ಕೈಯನ್ನು ನೋಡಿದರು. ಆ ಕೈಯನ್ನೇ ಅವರು ತಮ್ಮ ನೆತ್ತಿಯ ಮೇಲೆ ಇರಿಸಿಕೊಂಡದ್ದು. ಅವರ ಗಂಡ ಕುಡಿದೇ ಸತ್ತದ್ದು ಆ ಮಗನಿಗೆ ನೆನಪಿರಲಿಲ್ಲವೋ, ನೆನಪಿದ್ದೂ ಲೆಕ್ಕಕ್ಕೆ ಬರಲಿಲ್ಲವೋ, ನಾನು ಹೇಳಲಾರೆ. ಮೈಯೆಲ್ಲ ಉರಿಯಿತು ನನಗೆ. ಮದುವೆಯಾದ ಮೇಲೆ ಮೊದಲ ಸಲ ನನ್ನ ಗಂಡನನ್ನು ಕಂಡು ನನಗೆ ಅಸಹ್ಯವಾಯಿತು.

ಅತ್ತೆ ಎದ್ದರು. ಚೊಂಬನ್ನು ಈಸಿಕೊಂಡರು. ಕುಡಿಯುತ್ತಾರೆ ಎಂದುಕೊಂಡು ಯಜಮಾನರು ನಕ್ಕರು. ಅತ್ತೆ ಜಗಲಿಗೆ ನಡೆದು, ಚೊಂಬನ್ನು ಬೀದಿಗೆ ಕವುಚಿದರು. ಆಮೇಲೆ ಅರ್ಧ ಮಡಕೆಯನ್ನು ಕಾಲಿನಿಂದ ಒದ್ದು ಉರುಳಿಸಿದರು. ತುಂಬಿದ ಮಡಕೆ ಅಲುಗಲಿಲ್ಲ. ಅವರು ನನ್ನ ಕಡೆ ನೋಡಿ, “ನಿಂತ್ಕಂಡಿದೀಯಲ್ಲ, ಒಂದು ಕೈ ಹಾಕು,” ಅಂದರು. ಇಬ್ಬರೂ ಸೇರಿ ಅದನ್ನು ಜಗಲಿಯ ಅಂಚಿಗೆ ಎಳೆದು ಬಗ್ಗಿಸಿದೆವು. ಬಿಳಿ ನೊರೆ ಮೆಟ್ಟಿಲು ಇಳಿದು, ಬೀದಿಯ ಇಳಿಜಾರಿನಲ್ಲಿ ಬಣ್ಣದ ಕಾಗದಗಳ ಕೆಳಗೆ, ಅರಳಿಕಟ್ಟೆಯ ತನಕ ಹರಿಯಿತು.

ಊರೇ ಎದ್ದು ನಿಂತಿತು. ನಿನ್ನೆ ಬಿದ್ದ ಮನುಷ್ಯರನ್ನು ದಾಟಿ ಹೋದವರು ಈಗ ಹರಿಯುವ ಹೆಂಡವನ್ನು ತುಳಿಯಬಾರದೆಂದು ಹಿಂದಕ್ಕೆ ನೆಗೆದರು. ಒಬ್ಬ ಮೆಟ್ಟು ಬಿಟ್ಟು ಕೈಮುಗಿದ. ಮೆಂಬರು ನಡುಗುವ ದನಿಯಲ್ಲಿ, “ಊರು ಆಳಾಗೋಯ್ತು, ಊರು ಆಳಾಗೋಯ್ತು,” ಎನ್ನುತ್ತಿದ್ದರು.

ಯಜಮಾನರು ಜಗಲಿಯಿಂದ ಕೆಳಗೆ ಬಂದರು. ಮೊಣಕಾಲೂರಿದರು. ಅಮ್ಮನ ಕಾಲಿಗೆ ಬೀಳುತ್ತಾರೆ ಎಂದು ನಾನು ಅಂದುಕೊಂಡೆ. ಅತ್ತೆಯೂ ಹಾಗೇ ಅಂದುಕೊಂಡಿರಬೇಕು, ಏಕೆಂದರೆ ಅವರು ಕೈ ಮುಂದೆ ಚಾಚಿದರು. ಯಜಮಾನರು ಬಿದ್ದದ್ದು ಹೆಂಡ ಹರಿದ ನೆಲಕ್ಕೆ. ಆ ಕೆಸರನ್ನು ಬೆರಳಿನಿಂದ ತೆಗೆದು ಕಣ್ಣಿಗೊತ್ತಿಕೊಂಡು, “ತಪ್ಪಾಯ್ತು ಕಣವ್ವ, ತಪ್ಪಾಯ್ತು,” ಎಂದು ಅತ್ತರು. ಎದುರಿಗೆ ನಿಂತಿದ್ದ ಅವ್ವನಿಗಲ್ಲ, ಈಚಲ ಮರಕ್ಕೆ.

ಆಮೇಲೆ ನಡೆದದ್ದು ನಾನು ಊಹಿಸದೇ ಇದ್ದದ್ದು. ನಮ್ಮ ಅಂಗಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಹೆಂಡ ಚೆಲ್ಲಿದ ಮನೆಯಲ್ಲಿ ಕುಡಿದರೆ ಗಂಟಲು ಒಣಗುತ್ತದೆ ಎಂದು ಮಾತು ಹಬ್ಬಿತು. ಗಾಡಿಯವನು ನಮ್ಮ ಮನೆ ಮುಂದೆ ಎತ್ತುಗಳನ್ನು ಓಡಿಸಿಕೊಂಡು ಹೋದ. ಕಂಟ್ರಾಕ್ಟುದಾರ ತನ್ನ ಖಾಲಿ ಮಡಕೆಗಳನ್ನು ತರಿಸಿಕೊಂಡ. ಯುಗಾದಿಯ ತೋರಣ ಒಣಗುವ ಮುಂಚೆ ನಮ್ಮ ಅಂಗಡಿ ಮುಚ್ಚಿತು. ಬಯ್ದು, ಅತ್ತು, ಆಣೆ ಹಾಕಿಸಿ ಆಗದ ಕೆಲಸವನ್ನು ಈ ದಡ್ಡರ ನಂಬಿಕೆಯೇ ಮಾಡಿಕೊಟ್ಟಿತು. ಇದು ಹೀಗಾಗುತ್ತದೆಂದು ನಿಮಗೆ ಗೊತ್ತಿತ್ತೇ ಎಂದು ಅತ್ತೆಯನ್ನು ಕೇಳಿದೆ.

“ಗೊತ್ತಿಲ್ದೆ ಚೆಲ್ದ್ನಾ?” ಅಂದರು. ಅವತ್ತು ಅವರ ಮುಖದಲ್ಲಿ ಕಂಡ ಕಳೆಯನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಯಜಮಾನರು ಕೆಲವು ದಿನ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದ್ದರು. ಕೈ ನಡುಗುತ್ತಿತ್ತು. ಅತ್ತೆ ಗಂಜಿ ಮಾಡಿಕೊಟ್ಟರು, ಮಜ್ಜಿಗೆ ಕೊಟ್ಟರು. ನಡುಕ ನಿಂತಿತು. ಮಗುವನ್ನು ಎತ್ತಿಕೊಂಡರು. ಹೊಲದ ಕಡೆ ಒಂದು ದಿನ ಹೋಗಿಬಂದರು. ನಾನು ಮನಸ್ಸಿನಲ್ಲಿದ್ದದ್ದನ್ನೆಲ್ಲ ನುಂಗಿಕೊಂಡು, ಮುಗಿಯಿತು ಬಿಡು, ಎಂದುಕೊಂಡೆ.

ಒಂದು ಸಂಜೆ ಅವರು ಅಂಗಿ ತೊಟ್ಟು, ಕೂದಲು ಬಾಚಿ ಹೊರಗೆ ಹೊರಟರು. ನಾವು ಅತ್ತೆ ಸೊಸೆ ಜಗಲಿಯಲ್ಲಿ ಕೂತು ಹುರುಳಿ ಕೇರುತ್ತಿದ್ದೆವು. ಅವರು ಬೀದಿಗೆ ಇಳಿದು ನಿಂತರು. ಮಿಲಿಟರಿಯವನ ಅಂಗಡಿಯಲ್ಲಿ ರೇಡಿಯೋ ಹಾಡುತ್ತಿತ್ತು. ಮೆಂಬರ ಅಂಗಡಿಯಲ್ಲಿ ಲಾಟೀನು ಹಚ್ಚುತ್ತಿದ್ದರು. ಯಜಮಾನರು ಒಂದು ಅಂಗಡಿಯನ್ನು ದಾಟಿದರು. ಅತ್ತೆಯ ಮೊರ ನಿಂತಿತು. ಇನ್ನೊಂದನ್ನೂ ದಾಟಿದರು.

ಅರಳಿಕಟ್ಟೆ ಎದುರಿನ ಅಂಗಡಿಯವನು ಒಳಗಿನಿಂದ ಕೂಗಿದ. “ಬಾರ್ಲಾ, ಬಾ. ಇಲ್ಲಿ ಯಾರೂ ಚೆಲ್ಲಲ್ಲ.”

ಒಳಗಿದ್ದವರೆಲ್ಲ ನಕ್ಕರು. ಯಜಮಾನರೂ ನಕ್ಕು, ತಲೆ ಬಗ್ಗಿಸಿ, ತೋರಣದ ಕೆಳಗೆ ನುಸುಳಿ ಒಳಗೆ ಹೋದರು.

ನನಗೆ ಎದ್ದು ಹೋಗಿ ಆ ಅಂಗಡಿಗೆ ಬೆಂಕಿ ಇಡಬೇಕು ಅನ್ನಿಸಿತು. ಅತ್ತೆಯ ಕಡೆ ತಿರುಗಿದೆ. ಅವರೂ ಎದ್ದು ನಿಲ್ಲುತ್ತಾರೆ, ನಾನೂ ಒಂದು ಕೈ ಹಾಕುತ್ತೇನೆ ಎಂದು ಕಾದೆ. ಅವರು ಬೀದಿಯ ಆ ತುದಿಯಿಂದ ಈ ತುದಿಯ ತನಕ ಒಂದೊಂದೇ ಅಂಗಡಿಯನ್ನು ನೋಡಿದರು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟರು.

“ಒಂದಾಗಿದ್ರೆ ಚೆಲ್ಬೋದು ಕಣವ್ವ,” ಅಂದರು. “ಊರಿಗೂರೇ ಅಂಗ್ಡಿ ಆಗೋದ್ರೆ ಎಲ್ಲೀಗಂಟ ಚೆಲ್ಲಾನೆ?”